ನೂರರಲ್ಲಿ ಆರು ಮಂದಿಯ ಸಲೋಮಿ

ಬೆಳಗಿನ ಐದೂ ಕಾಲು. ಕುನ್ನಂಕುಳಂ ಪೇಟೆಯಲ್ಲಿ ನೋಟ್‌ಬುಕ್ ಹೊಲಿಯುವ ಪ್ರೆಸ್ಸುಗಳ ಬಾಗಿಲು ಇನ್ನೂ ತೆರೆದಿಲ್ಲ. ಎಲ್ಲರೂ ಅಣ್ಣನೆಂದು ಕರೆಯುವ ಪಾವು ಚೇಟ್ಟನ್ ಅವರ ಬೈಂಡಿಂಗ್ ಪ್ರೆಸ್ಸಿನ ಮಹಡಿಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಅಲ್ಲಿ ನಲವತ್ತೇಳು ವರ್ಷದ ಸಲೋಮಿ ಇಟ್ಟೂಪ್ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಬಲಗೈ ಪರದೆಯ ಮೇಲಿನ ದೋಣಿ ನಡೆಸುತ್ತಿದೆ, ಎಡಗೈ ಕರೆಂಟಿನ ಸ್ವಿಚ್ಚಿನ ಮೇಲಿದೆ. ದೋಣಿ ದಡ ಮುಟ್ಟುತ್ತದೆ. ಪರದೆಯ ಮೂಲೆಯಲ್ಲಿ ಪುಟ್ಟ ಲಾಟೀನೊಂದು ಮಿನುಗುತ್ತದೆ. ಅದೇ ಕ್ಷಣಕ್ಕೆ ಸಲೋಮಿ ಸ್ವಿಚ್ ಆರಿಸುತ್ತಾರೆ. ಯಂತ್ರ ಸತ್ತಂತೆ ಕಪ್ಪಾಗುತ್ತದೆ.

ಮತ್ತೆ ಹಚ್ಚುತ್ತಾರೆ. ಕಾಯುತ್ತಾರೆ. ಆಟ ತೆರೆಯುತ್ತಾರೆ. ದೋಣಿ ಎಲ್ಲಿ ನಿಂತಿತ್ತೋ ಅಲ್ಲೇ ಇದೆ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಸಲೋಮಿ ಹಲ್ಲು ಕಚ್ಚಿಕೊಂಡು ಪ್ರೆಸ್ಸಿನವರು ಬಿಸಾಡಿದ ಓರೆ ಹೊಲಿಗೆಯ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಎಳೆಯುತ್ತಾರೆ. ಅವರಿಗೆ ಇವತ್ತು ಆಟ ಕೆಡಬೇಕು. ಅದೂ ಹತ್ತು ಗಂಟೆಯ ಒಳಗೆ ಕೆಡಬೇಕು.

"ಕೆಡಲ್ಲ ಅಂತ ಹಟ ಹಿಡಿದಿದೆ ನೋಡಿ," ಎನ್ನುತ್ತಾರೆ ಹಾಲಿಲ್ಲದ ಕಟ್ಟನ್ ಚಾಯದ ಲೋಟ ಕೈಗೆತ್ತಿಕೊಳ್ಳುತ್ತ. "ನನ್ನ ಯಂತ್ರದಲ್ಲಿ ಅರವತ್ತು ಸಲ ಮಾಡಿದೆ, ನಾಲ್ಕು ಸಲ ಎಲ್ಲಾ ಅಳಿಸಿ ಹೋಯ್ತು. ಇಲ್ಲಿ ಒಂದೂ ಇಲ್ಲ. ಹತ್ತಕ್ಕೆ ಡೆನ್ನಿ ಬರ್ತಾನೆ. ಅಷ್ಟರಲ್ಲಿ ತೋರಿಸದಿದ್ರೆ ಮುಗೀತು."

ಮುಗಿಯುವುದು ಏನು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಮಹಡಿಯ ಮೇಲೆ ಮೂರೇ ಮಂದಿಯ ಒಂದು ಗೇಮ್ ಸ್ಟುಡಿಯೋ ಇದೆ. ಅವರ ಮೊದಲ ಆಟದ ಹೆಸರು 'ಕಡವು', ಎಂದರೆ ಹೊಳೆ ದಾಟುವ ಜಾಗ. ಆಡುವವರು ದೋಣಿ ನಡೆಸಿ ಜನರನ್ನು ಹೊಳೆ ದಾಟಿಸಬೇಕು. ನೀವು ಯಾರ ಜೊತೆ ಏನು ಮಾತಾಡಿದಿರಿ ಎಂಬುದು ಆ ಪ್ರಯಾಣಿಕರಿಗೆ ನೆನಪಿರುತ್ತದೆ, ಮುಂದಿನ ಸಲ ಬಂದಾಗ ಅದನ್ನೇ ಎತ್ತಿ ಆಡುತ್ತಾರೆ. ಏಳು ತಿಂಗಳಿಂದ ಆಟದ ಅರೆಬರೆ ರೂಪ ಮಾರಾಟಕ್ಕಿದೆ. ಪೂರ್ತಿ ಆಟದ ಬಿಡುಗಡೆ ಇದೇ ಶುಕ್ರವಾರ. ಇವತ್ತು ಬುಧವಾರ.

ಕೊಂಡವರಲ್ಲಿ ನೂರಕ್ಕೆ ಆರು ಮಂದಿ ಲಿನಕ್ಸ್‌ನವರು. ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸನ್ನು ಕಂಪ್ಯೂಟರಿಗೆ ಹಾಕಿಕೊಂಡವರು. ಈ ನಾಡಿನ ಶಾಲೆಯ ಮಕ್ಕಳು ಕಲಿಯುವುದೇ ಅದರಲ್ಲಿ, ಹಾಗಾಗಿ ಇಲ್ಲಿ ಅದೇನೂ ವಿಚಿತ್ರವಲ್ಲ. ಅವರಿಗೆಂದೇ ಆಟದ ಬೇರೆ ಆವೃತ್ತಿ ಕಟ್ಟಬೇಕು, ಬೇರೆಯಾಗಿ ಪರೀಕ್ಷಿಸಬೇಕು. ಆ ಕೆಲಸ ಸಲೋಮಿಯವರದು. ಆದರೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆರು ಮಂದಿಯಿಂದಲೇ ಬರುತ್ತವೆ. ಒಂದೇ ತೊಂದರೆಯ ಕಾಗದಗಳನ್ನೆಲ್ಲ ಒಂದೆಂದೇ ಎಣಿಸಿದರೂ, ಕಳೆದ ತಿಂಗಳು ಬಂದ ಎಂಬತ್ತಾರರಲ್ಲಿ ನಲವತ್ತೈದು. ಗೋಡೆಯ ಹಾಳೆಯಲ್ಲಿ ಅವೆಲ್ಲ 'ಲಿನಕ್ಸ್ ತೊಂದರೆ' ಎಂಬ ಕೆಂಪು ಸಾಲಿನಲ್ಲಿ ಕೂತಿವೆ. ಸ್ಟುಡಿಯೋದ ಯಜಮಾನ ಡೆನ್ನಿ ಚುಮ್ಮಾರ್ ಆ ಸಾಲು ನೋಡಿ ನೋಡಿ ಸೋತಿದ್ದಾನೆ. ಲಿನಕ್ಸ್ ಆವೃತ್ತಿಯನ್ನು ಬಿಡುಗಡೆಯಿಂದ ಕೈಬಿಡುವುದೆಂದು ಇವತ್ತು ಹತ್ತಕ್ಕೆ ತೀರ್ಮಾನವಾಗಲಿದೆ. ಕೈಬಿಟ್ಟರೆ ಸಲೋಮಿಗೆ ಇಲ್ಲಿ ಕೆಲಸವೂ ಇಲ್ಲ.

ಡೆನ್ನಿ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಡಿಗ್ರಿ ಇಲ್ಲದ, ಕೋಡ್ ಬರೆಯಲು ಬಾರದ, ತನ್ನ ಅಕ್ಕನಿಗಿಂತಲೂ ದೊಡ್ಡ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡವನು ಅವನೇ. ನಾಲ್ಕು ವರ್ಷದಿಂದ ಒಂದೇ ಆಟ ಕಟ್ಟುತ್ತ ಕೂತವನಿಗೆ, ಹೆಂಡತಿಯ ತವರಿನವರ ಮುಂದೆ ತಲೆಯೆತ್ತಿ ಕೂರಲಿಕ್ಕಾದರೂ ಈ ಶುಕ್ರವಾರ ಬೇಕಾಗಿದೆ.

"ಬರೆಯೋಕೆ ಬರಲ್ಲ ನಂಗೆ, ತಪ್ಪು ಹುಡುಕೋಕೆ ಬರುತ್ತೆ," ಎನ್ನುತ್ತಾರೆ ಸಲೋಮಿ. "ಇದೇ ಪ್ರೆಸ್ಸಲ್ಲಿ ಎಂಟು ವರ್ಷ ಮದುವೆ ಕಾಗದದ ಪ್ರೂಫ್ ನೋಡಿದೀನಿ. ಮುಹೂರ್ತದ ಗಂಟೆ ತಪ್ಪಾಗಿ ಅಚ್ಚಾದ್ರೆ ಹುಡುಗೀ ಅಪ್ಪ ಬಾಗಿಲಿಗೇ ಬಂದು ನಿಲ್ತಾನೆ. ಆ ಹೆದರಿಕೆ ಇನ್ನೂ ಹೋಗಿಲ್ಲ."

ಪ್ರೆಸ್ಸಿನ ಬಳಿಕ ಅವರು ಹನ್ನೊಂದು ವರ್ಷ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ಹೆಸರಿಗೆ ದಿನಗೂಲಿ ಸಹಾಯಕಿ. ಮೂವತ್ತೆರಡು ಯಂತ್ರ, ಎಲ್ಲದರಲ್ಲೂ ಲಿನಕ್ಸ್. ಮಾಷ್‌ಗಳು ಪಾಠ ಮಾಡಿ ಹೋದ ಮೇಲೆ ಕೆಟ್ಟದ್ದನ್ನು ಬಿಚ್ಚಿ ಕೂರುತ್ತಿದ್ದವರು ಇವರೇ. ಯಾರೂ ಕಲಿಸಲಿಲ್ಲ, ಬಿಚ್ಚಿದ್ದನ್ನು ಮತ್ತೆ ಸೇರಿಸಲೇಬೇಕಾದ ಭಯವೇ ಕಲಿಸಿತು. ಒಂದು ಮೇ ತಿಂಗಳಲ್ಲಿ ಆ ಹುದ್ದೆಯೇ ಇಲ್ಲವೆಂದರು. ಪತಿ ಇಟ್ಟೂಪ್, ಪೆರುನ್ನಾಳ್ ಹಬ್ಬದ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುವವರು. ಚರ್ಚಿನ ಹಬ್ಬಗಳಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಗಳು ನರ್ಸಿಂಗ್ ಎರಡನೇ ವರ್ಷ. ಒಂದೂವರೆ ವರ್ಷ ಮನೆಯಲ್ಲಿ ಕೂತ ಸಲೋಮಿಗೆ, ಮಹಡಿಯ ಹುಡುಗರು ಲಿನಕ್ಸ್ ಬಲ್ಲವರನ್ನು ಹುಡುಕುತ್ತಿದ್ದಾರೆಂದು ಹೇಳಿ ಕಳಿಸಿದವರು ಪಾವು ಚೇಟ್ಟನ್.

ಈಗ ದಿನವೂ ಚೊವ್ವನ್ನೂರಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ಕೆಳಗೆ ಕಾಗದ ಕತ್ತರಿಸುವ ಯಂತ್ರ ಶುರುವಾದರೆ ಮಹಡಿಯ ಕರೆಂಟು ತೂಗಾಡುತ್ತದೆ, ಅದಕ್ಕೇ ಈ ಹೊತ್ತು. ಒಂಬತ್ತರೊಳಗೆ ಬಂದ ಕಾಗದಗಳನ್ನೆಲ್ಲ ಓದುತ್ತಾರೆ. ಆಟಗಾರರ ಮಿಂಚಂಚೆಯನ್ನು ಅವರು ಕರೆಯುವುದು ಕಾಗದವೆಂದೇ. ದಿನಕ್ಕೆ ಹದಿನೈದಕ್ಕೆ ಕಡಿಮೆಯಿಲ್ಲ. ಏಳು ತಿಂಗಳಲ್ಲಿ ಮೂರು ಸಾವಿರ ದಾಟಿದೆ. ಒಂದಕ್ಕೂ ಉತ್ತರ ಬಾಕಿ ಇಟ್ಟಿಲ್ಲ.

"ವಿಂಡೋಸ್‌ನೋರು ಬರೆದ್ರೆ ಒಂದೇ ಸಾಲು. 'ಆಟ ಹಾಳಾಗಿದೆ.' ಮುಗೀತು. ಎಲ್ಲಿ, ಹೇಗೆ, ಕೇಳಿದ್ರೆ ಉತ್ತರಾನೇ ಇಲ್ಲ," ಎಂದು ಕೈ ತಿರುವುತ್ತಾರೆ. "ಲಿನಕ್ಸ್‌ನೋರು ಹಾಗಲ್ಲ. ಯಾವ ದಡ, ಯಾವ ಪ್ರಯಾಣಿಕ, ಏನು ಒತ್ತಿದ್ದು, ಯಂತ್ರ ಯಾವ ಕಾಲದ್ದು, ಎಲ್ಲಾ ಬರೀತಾರೆ. ಕೆಲವ್ರು ಎಲ್ಲಿ ಕೆಟ್ಟಿರಬಹುದು ಅಂತಾನೂ ಬರೀತಾರೆ. ಅವರಿಗೆ ಅದೇ ಅಭ್ಯಾಸ, ಒಬ್ಬರು ತಪ್ಪು ಹೇಳ್ಬೇಕು, ಇನ್ನೊಬ್ಬರು ಸರಿ ಮಾಡ್ಬೇಕು. ನಮ್ಮ ಹುಡುಗ್ರಿಗೆ ಅದು ಕಿರಿಕಿರಿ."

ಇವತ್ತಿನ ಹಟದ ಮೂಲವೂ ಅಂಥದೇ ಕಾಗದಗಳು. ನೀಲೇಶ್ವರದ ನಿವೃತ್ತ ಮೇಷ್ಟರು ಅಂಬು ಮಾಷ್, ಶಾಲೆ ಹರಾಜು ಹಾಕಿದ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ 'ಕಡವು' ಆಡುತ್ತಾರೆ. ಮೂರು ಸಲ ಕರೆಂಟು ಹೋದಾಗ ಅವರ ಆಟ ಮೊದಲಿಂದ ಶುರುವಾಗಿದೆ. ಹೊಳೆ ದಾಟಿಸಿದ ಜನರೆಲ್ಲ ಅವರನ್ನು ಮರೆತಿದ್ದಾರೆ. ಹೀಗೆ ಬರೆದವರು ಒಟ್ಟು ಒಂಬತ್ತು ಮಂದಿ, ಎಲ್ಲರೂ ಲಿನಕ್ಸ್‌ನವರು. ಸಲೋಮಿ ಬರೆಯುವ ಮೊದಲೇ ಸ್ಟುಡಿಯೋದಿಂದ ತಾನಾಗಿ ಹೋಗುವ ಉತ್ತರ ಪ್ರತಿ ಸಲವೂ ಅವರಿಗೆ ಹೇಳಿದ್ದು, ನಿಮ್ಮ ಲಿನಕ್ಸ್ ವ್ಯವಸ್ಥೆಯನ್ನು ಪರೀಕ್ಷಿಸಿಕೊಳ್ಳಿ ಎಂದು. ಮೇಷ್ಟರು ಮೂರನೆಯ ಸಲ ಬರೆದದ್ದನ್ನು ಸಲೋಮಿ ಓದಿ ತೋರಿಸುತ್ತಾರೆ: "ಬಹುಶಃ ನನ್ನ ಯಂತ್ರದ್ದೇ ತಪ್ಪು. ಪದೇ ಪದೇ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ."

"ಎಪ್ಪತ್ತು ವರ್ಷದ ಮಾಷ್ ನಮ್ಮ ಹತ್ರ ಕ್ಷಮೆ ಕೇಳ್ತಾರೆ," ಎನ್ನುತ್ತಾರೆ. "ನಂಗೆ ಅವತ್ತು ಗಂಜಿ ಇಳೀಲಿಲ್ಲ."

ಅವರ ಅನುಮಾನ ಬೇರೆ. ವಿಂಡೋಸಿನಲ್ಲೂ ಇದು ಆಗುತ್ತಿದೆ, ಅವರು ಹೇಳುತ್ತಿಲ್ಲ ಅಷ್ಟೆ. ವಿಂಡೋಸಿನವರಲ್ಲಿ ತುಂಬ ಮಂದಿ ಮೂರನೆಯದೋ ನಾಲ್ಕನೆಯದೋ ದಾಟುವಿಕೆಯ ನಂತರ ಆಟ ಮುಟ್ಟುವುದೇ ಇಲ್ಲ. ಅವರಿಗೆ ಬೇಸರ ಬಂದಿದೆ ಎಂದು ಡೆನ್ನಿ ತಿಳಿದಿದ್ದಾನೆ. "ಬೇಸರ ಬಂದು ಬಿಟ್ಟವರಲ್ಲ, ಕಳಕೊಂಡು ಬಿಟ್ಟವರು," ಎಂಬುದು ಸಲೋಮಿಯವರ ವಾದ. ಆದರೆ ವಾದಕ್ಕೆ ಸಾಕ್ಷಿ ಬೇಕು. ಅದಕ್ಕೇ ಸ್ಟುಡಿಯೋದ ವಿಂಡೋಸ್ ಯಂತ್ರದ ಮುಂದೆ ಈ ಸ್ವಿಚ್ಚಿನಾಟ.

ಒಂಬತ್ತು ಗಂಟೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಐವತ್ತೆಂಟು ಗೀಟುಗಳು. ಒಂದು ಸಲವೂ ಆಟ ಅಳಿಸಿಲ್ಲ. ಕೋಡ್ ಬರೆಯುವ ಶಿಬಿಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಮೆಟ್ಟಿಲೇರಿ ಬರುತ್ತಾನೆ, ಗೀಟುಗಳನ್ನು ನೋಡಿ ನಗುತ್ತಾನೆ. ಸ್ಟುಡಿಯೋದ ಹುಡುಗರಿಗೆ ಸಲೋಮಿ ಚೇಚ್ಚಿ, ಅಂದರೆ ಅಕ್ಕ.

"ಚೇಚ್ಚಿ, ಸ್ವಿಚ್ಚಿಗೆ ಕಣ್ಣೀರು ಬರ್ತಿದೆ. ಬಿಟ್ಬಿಡಿ ಪಾಪ."

"ನಿನ್ನ ಕೋಡಿಗೆ ಬರ್ತಿಲ್ಲವಲ್ಲ, ಅದೇ ನನ್ನ ದುಃಖ."

"ನಾನು ಬರೆದದ್ದು ಗಟ್ಟಿ ಇದೆ ಅಂದ್ರೂ ನಿಮಗೆ ದುಃಖಾನಾ?" ಎಂದವನು ಸ್ವಲ್ಪ ಮೆತ್ತಗಾಗುತ್ತಾನೆ. "ಲಿನಕ್ಸ್ ಕೈಬಿಟ್ರೂ ಅವರೇನು ಬೀದಿಗೆ ಬೀಳಲ್ಲ ಚೇಚ್ಚಿ. ವಿಂಡೋಸ್ ಆಟಾನೇ ಲಿನಕ್ಸಲ್ಲಿ ಓಡಿಸೋ ಸಾಧನ ಪುಕ್ಕಟೆ ಸಿಗುತ್ತೆ. ಹಾಕ್ಕೊಂಡು ಆಡ್ತಾರೆ. ನಾವು ಯಾಕೆ ಬೇರೆ ಕಟ್ಟಿ ಸಾಯ್ಬೇಕು?"

"ಓಡುತ್ತಾ ಇಲ್ಲವಾ ಅಂತ ಯಾರು ನೋಡ್ತಾರೆ? ಕೆಟ್ರೆ ಕಾಗದ ಯಾರಿಗೆ ಬರೀಬೇಕು?"

ಇದಕ್ಕೆ ಉತ್ತರ ಕೊಡಬೇಕಾದವನು ಶಿಬಿಲಿಯಲ್ಲ ಎಂದು ಇಬ್ಬರಿಗೂ ಗೊತ್ತು. ಅವನು ತನ್ನ ಜಾಗದಲ್ಲಿ ಕೂತು ಕೆಲಸ ಶುರು ಮಾಡುತ್ತಾನೆ. ಕೆಳಗೆ ಕತ್ತರಿಸುವ ಯಂತ್ರ ಧಡ್ ಧಡ್ ಎನ್ನುತ್ತದೆ, ಟ್ಯೂಬ್‌ಲೈಟು ಒಮ್ಮೆ ಕಣ್ಣು ಪಿಳುಕಿಸುತ್ತದೆ.

ಒಂಬತ್ತೂ ಇಪ್ಪತ್ತಕ್ಕೆ ಸಲೋಮಿ ಕೈ ನಿಲ್ಲಿಸುತ್ತಾರೆ. ಪರದೆಯ ಮೂಲೆಯ ಲಾಟೀನನ್ನೇ ನೋಡುತ್ತಾರೆ. ಆಟ ತನ್ನ ನೆನಪನ್ನು ಬರೆದಿಟ್ಟುಕೊಳ್ಳುವಾಗ ಹತ್ತುವ ಲಾಟೀನು ಅದು. ಈ ಹೊಸ ಯಂತ್ರದಲ್ಲಿ ಅದು ಹತ್ತಿದ್ದೂ ಆರಿದ್ದೂ ಕಣ್ಣಿಗೆ ಸರಿಯಾಗಿ ಕಾಣದು, ಅಷ್ಟು ಚುರುಕು. ಅವರ ಬ್ಯಾಟರಿ ಕೆಟ್ಟ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಾದರೆ ಒಂದು, ಎರಡು, ಮೂರು ಎಂದು ಎಣಿಸಬಹುದು.

"ಅಯ್ಯೋ ದೇವರೇ," ಎನ್ನುತ್ತಾರೆ ತಮಗೆ ತಾವೇ. "ಇದು ಲಿನಕ್ಸಿನದ್ದಲ್ಲ. ಮುದಿ ಯಂತ್ರದ್ದು."

ವಿಷಯ ಇಷ್ಟೇ. ಬರೆದಿಟ್ಟುಕೊಳ್ಳುವುದು ನಿಧಾನವಾದಷ್ಟೂ ಅದರ ನಡುವೆಯೇ ಕರೆಂಟು ಹೋಗುವ ಸಂಭವ ಹೆಚ್ಚು. ವಿಂಡೋಸ್ ಓಡದಷ್ಟು ಹಳತಾದ ಯಂತ್ರಕ್ಕೆ ಜನ ಲಿನಕ್ಸ್ ಹಾಕಿ ಇನ್ನೂ ಐದು ವರ್ಷ ದುಡಿಸುತ್ತಾರೆ. ಹಾಗಾಗಿ ಕಾಗದ ಬರೆಯುವ ಲಿನಕ್ಸ್‌ನವರ ಯಂತ್ರಗಳು ಬಹುತೇಕ ಹಳೆಯವು, ನಿಧಾನದವು. ವಿಂಡೋಸಿನ ಪರೀಕ್ಷೆ ಮಾತ್ರ ಸ್ಟುಡಿಯೋದ ಮಿರಮಿರ ಮಿಂಚುವ ಹೊಸ ಪೆಟ್ಟಿಗೆಯಲ್ಲಿ ನಡೆಯುತ್ತಿದೆ. ಏಳು ತಿಂಗಳಿಂದ ಇವರು ಹೋಲಿಸುತ್ತಿದ್ದದ್ದು ಲಿನಕ್ಸನ್ನೂ ವಿಂಡೋಸನ್ನೂ ಅಲ್ಲ, ಮುದುಕನನ್ನೂ ಹುಡುಗನನ್ನೂ. ಬುದ್ಧಿವಂತರೇ ಮಾಡಬಲ್ಲ ತಪ್ಪು ಇದು. ಒಳ್ಳೆಯ ಯಂತ್ರ ಇಲ್ಲದವರಿಗೆ ಇಂಥ ತಪ್ಪು ಮಾಡಲು ಅವಕಾಶವೇ ಇಲ್ಲ.

ಸಲೋಮಿ ಎರಡೆರಡು ಮೆಟ್ಟಿಲು ಇಳಿಯುತ್ತಾರೆ. ಕೆಳಗೆ ಪ್ರೆಸ್ಸಿನ ಹಿಂಭಾಗದಲ್ಲಿ, ಅಂಟಿನ ಡಬ್ಬಗಳ ಪಕ್ಕ, ಬಟ್ಟೆ ಹೊದ್ದು ಕೂತಿದೆ ಹದಿನಾಲ್ಕು ವರ್ಷದ ವಿಂಡೋಸ್ ಯಂತ್ರ. ಒಂದು ಕಾಲದಲ್ಲಿ ಅವರೇ ಅಕ್ಷರ ಕೂರಿಸುತ್ತಿದ್ದ ಯಂತ್ರ. ಜೂನ್ ಹತ್ತಿರ ಬಂದಿದೆ, ಶಾಲೆಯ ನೋಟ್‌ಬುಕ್ಕಿನ ಗಡಿಬಿಡಿ. ಎಪ್ಪತ್ತರ ಪಾವು ಚೇಟ್ಟನ್ ಲುಂಗಿ ಎತ್ತಿ ಕಟ್ಟಿ ನಿಂತಿದ್ದಾರೆ.

"ಚೇಟ್ಟಾ, ಇದು ಒಂದರ್ಧ ಗಂಟೆ ಬೇಕು. ನಡು ನಡುವೆ ಕರೆಂಟು ಕಿತ್ತು ಕಿತ್ತು ಹಾಕ್ತೀನಿ."

"ತಲೆ ಕೆಟ್ಟಿದೆಯೇನೇ ನಿಂಗೆ? ಅದರೊಳಗೆ ನಾಳೆ ಕೊಡಬೇಕಾದ ಮದುವೆ ಕಾಗದ ಇದೆ. ಹೋದ್ರೆ ಹುಡುಗಿ ಅಪ್ಪನಿಗೆ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

"ಅದನ್ನ ಮೊದಲು ಪೆನ್‌ಡ್ರೈವಿಗೆ ಇಳಿಸಿ ನಿಮ್ಮ ಕೈಗೇ ಕೊಡ್ತೀನಿ. ಅಕ್ಷರ ಒಂದು ಆಚೀಚೆ ಆದ್ರೂ ಮೂರು ದಿನ ಪುಕ್ಕಟೆ ಕೂತು ಬರ್ಕೊಡ್ತೀನಿ. ಚೇಟ್ಟಾ, ಹತ್ತಕ್ಕೆ ನನ್ನ ಕೆಲಸ ಹೋಗುತ್ತೆ."

ಪಾವು ಚೇಟ್ಟನ್ ಸಲೋಮಿಯ ಮುಖ ನೋಡುತ್ತಾರೆ. ಬಟ್ಟೆ ಎಳೆದು ಬಿಸಾಡುತ್ತಾರೆ.

ಮದುವೆ ಕಾಗದ ಇಳಿಸುವುದಕ್ಕೆ ಆರು ನಿಮಿಷ. ಆಟ ಹಾಕುವುದಕ್ಕೆ ಹನ್ನೊಂದು. ಯಂತ್ರ ಮುಲುಗುತ್ತದೆ, ದೋಣಿ ತಡವರಿಸಿ ತಡವರಿಸಿ ನೀರಿಗಿಳಿಯುತ್ತದೆ. ಸಲೋಮಿಯವರ ಕುತ್ತಿಗೆಯಲ್ಲಿ ಬೆವರು. ಒಂಬತ್ತೂ ಐವತ್ತೊಂದು. ದೋಣಿ ದಡ ಮುಟ್ಟುತ್ತದೆ, ಲಾಟೀನು ಹತ್ತುತ್ತದೆ, ಹತ್ತಿಕೊಂಡೇ ಇರುತ್ತದೆ. ಸ್ವಿಚ್ಚು ಆರುತ್ತದೆ. ಮತ್ತೆ ಹಚ್ಚಿ ನೋಡಿದರೆ ಆಟ ಹಾಗೇ ಇದೆ.

ಎರಡನೆಯ ಸಲವೂ ಹಾಗೇ ಇದೆ. ಹೊರಗೆ ಡೆನ್ನಿಯ ಬೈಕಿನ ಸದ್ದು. ಅವನು ಮೇಲೆ ಹತ್ತಿ ಹೋಗಿ, ಯಾರೂ ಕಾಣದೆ, ಮತ್ತೆ ಕೆಳಗಿಳಿದು ಬರುತ್ತಾನೆ. ಶಿಬಿಲಿ ಅವನ ಹಿಂದೆ.

"ಚೇಚ್ಚಿ, ಹತ್ತಾಯ್ತು. ಮೇಲೆ ಬನ್ನಿ. ಈ ಮಾತು ಹೇಳೋಕೆ ನಂಗೂ ಇಷ್ಟ ಇಲ್ಲ, ಬೇಗ ಮುಗಿಸೋಣ."

"ಒಂದು ನಿಮಿಷ ಮೋನೇ. ನಿಂತಲ್ಲೇ ನಿಂತು ನೋಡು," ಎನ್ನುತ್ತಾರೆ ಸಲೋಮಿ, ಮಗನನ್ನು ಕರೆಯುವಂತೆ.

ಮೂರನೆಯ ಸಲ ಸ್ವಿಚ್ ಆರಿಸಿ ಹಚ್ಚಿದ ಯಂತ್ರ ಎದ್ದೇಳಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಕತ್ತರಿಸುವ ಯಂತ್ರದ ಆಳು ಕೂಡ ಕೈ ನಿಲ್ಲಿಸಿದ್ದಾನೆ. ಸಲೋಮಿ ಆಟ ತೆರೆಯುತ್ತಾರೆ. ಪರದೆಯ ಮೇಲೆ ಸಂಪೂರ್ಣ ಹೊಸ ದೋಣಿ, ಖಾಲಿ ದಡ, 'ನಿಮ್ಮ ಹೆಸರೇನು?' ಎಂಬ ಮೊದಲ ಪ್ರಶ್ನೆ.

"ಇದು ವಿಂಡೋಸಾ?" ಎನ್ನುತ್ತಾನೆ ಶಿಬಿಲಿ. ಗೊತ್ತಿದ್ದೂ ಕೇಳುತ್ತಾನೆ.

"ಅಪ್ಪಟ ವಿಂಡೋಸು. ಬೇಕಾದ್ರೆ ಪಾವು ಚೇಟ್ಟನ್ ಹತ್ರ ಬಿಲ್ ಇದೆ, ನೋಡು."

ಹತ್ತು ಸಲ ಮಾಡಿದಾಗ ನಾಲ್ಕು ಸಲ ಅಳಿಸಿ ಹೋಗುತ್ತದೆ. ನಾಲ್ಕನೆಯದು ಹೋದಾಗ ಶಿಬಿಲಿ ನೆಲದ ಮೇಲೆ ಕಾಗದದ ಕಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೋಡ್ ತೆರೆದಿದ್ದಾನೆ. ತಪ್ಪು ಅವನಿಗೆ ತಕ್ಷಣ ಕಾಣುತ್ತದೆ, ಕಂಡದ್ದಕ್ಕೆ ಕಿವಿ ಕೆಂಪಾಗುತ್ತದೆ. ಆಟ ಹಳೆಯ ನೆನಪನ್ನು ಮೊದಲು ಅಳಿಸಿ, ಆಮೇಲೆ ಹೊಸದನ್ನು ಬರೆಯುತ್ತಿದೆ. ನಡುವೆ ಕರೆಂಟು ಹೋದರೆ ಎರಡೂ ಇಲ್ಲ.

"ಹೊಸ ಪ್ರೂಫ್ ಕೈಗೆ ಬರೋ ಮೊದಲೇ ಹಳೇದನ್ನ ಒಲೆಗೆ ಹಾಕಿದ ಹಾಗಾಯ್ತು," ಎನ್ನುತ್ತಾರೆ ಸಲೋಮಿ. ಪಾವು ಚೇಟ್ಟನ್‌ಗೂ ಅರ್ಥವಾಗಿ ತಲೆದೂಗುತ್ತಾರೆ.

ಡೆನ್ನಿ ಗೋಡೆಗೆ ಒರಗಿದ್ದಾನೆ. ಶುಕ್ರವಾರ ಈ ಆಟ ಸಾವಿರಾರು ಯಂತ್ರಗಳಿಗೆ ಹೋಗುವುದಿತ್ತು. ಅವುಗಳಲ್ಲಿ ಎಷ್ಟು ಹಳೆಯವು ಎಂದು ಅವನೀಗ ಮನಸ್ಸಿನಲ್ಲೇ ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತದೆ. ಆದರೂ ಅವನು ಸುಲಭಕ್ಕೆ ಬಗ್ಗುವವನಲ್ಲ.

"ಸರಿ, ಬಿಡುಗಡೆ ಮಂಗಳವಾರಕ್ಕೆ. ಇದನ್ನ ಸರಿ ಮಾಡ್ತೀವಿ. ಆದ್ರೆ ಚೇಚ್ಚಿ, ಇದೊಂದು. ಒಂದರಿಂದ ಲಿನಕ್ಸ್ ವಿಷಯ ಬದಲಾಗಲ್ಲ. ಇನ್ನೂ ನಲವತ್ನಾಲ್ಕು ಇವೆ ಆ ಕೆಂಪು ಸಾಲಲ್ಲಿ."

"ಆ ಸಾಲಿಗೆ ಅವನ್ನ ಹಾಕಿದ್ದು ಯಾಕೆ?"

"ಲಿನಕ್ಸ್‌ನೋರು ಬರೆದದ್ದಕ್ಕೆ."

"ಬರೆದೋರು ಯಾರು ಅಂತ ನೋಡಿ ಹಾಕಿದ್ದೀರಿ. ಕೆಟ್ಟದ್ದು ಎಲ್ಲಿ ಅಂತ ನೋಡಿ ಹಾಕಿಲ್ಲ. ವೈದ್ಯನ ಹತ್ರ ಮೊದಲು ಹೋದವನೇ ಊರಿಗೆಲ್ಲ ಜ್ವರ ತಂದ ಅಂದ ಹಾಗಿದೆ ಇದು." ಸಲೋಮಿ ಕುರ್ಚಿಯಿಂದ ಏಳುವುದಿಲ್ಲ. "ನಲವತ್ನಾಲ್ಕನ್ನೂ ಇದೇ ಯಂತ್ರದಲ್ಲಿ ಒಂದೊಂದಾಗಿ ನೋಡೋಣ. ನೀನೇ ಪಕ್ಕದಲ್ಲಿ ಕೂತ್ಕೋ. ಇಲ್ಲಿ ಆಗದ್ದು ಹತ್ತಕ್ಕಿಂತ ಹೆಚ್ಚಿದ್ರೆ ನಾನೇ ಎದ್ದು ಹೋಗ್ತೀನಿ, ನೀನು ಹೇಳೋದೂ ಬೇಡ."

ಪಾವು ಚೇಟ್ಟನ್ ಪಕ್ಕದ ಹೋಟೆಲಿನಿಂದ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತರಿಸುತ್ತಾರೆ. ಯಾರೂ ಸರಿಯಾಗಿ ತಿನ್ನುವುದಿಲ್ಲ. ಸಲೋಮಿ ಕಾಗದ ಓದುತ್ತಾರೆ, ಅದರಲ್ಲಿ ಬರೆದ ಹಾಗೇ ಹೆಜ್ಜೆ ಹೆಜ್ಜೆಯಾಗಿ ಆಡುತ್ತಾರೆ. ಡೆನ್ನಿ ಪರದೆ ನೋಡಿ 'ಆಗುತ್ತೆ' ಅಥವಾ 'ಆಗಲ್ಲ' ಎನ್ನುತ್ತಾನೆ. ಮೊದಲ ಎರಡು 'ಆಗಲ್ಲ'. ಸಲೋಮಿ ತುಟಿ ಬಿಗಿಹಿಡಿದು ಮೂರನೆಯದಕ್ಕೆ ಹೋಗುತ್ತಾರೆ. ಪ್ರಯಾಣಿಕ ದೋಣಿಯಿಂದ ಇಳಿಯದೆ ಉಳಿಯುವುದು, ಆಗುತ್ತೆ. ಮಳೆಯ ಸದ್ದು ನಿಲ್ಲದಿರುವುದು, ಆಗುತ್ತೆ. ಅಜ್ಜಿಯ ಮಾತು ಅರ್ಧಕ್ಕೆ ತುಂಡಾಗುವುದು, ಆಗುತ್ತೆ. ಮಧ್ಯಾಹ್ನ ಎರಡರ ಹೊತ್ತಿಗೆ ಡೆನ್ನಿಯ ಧ್ವನಿ ಸಣ್ಣಗಾಗಿದೆ. ಆಮೇಲೆ ಅವನು 'ಆಗುತ್ತೆ' ಎನ್ನುವ ಬದಲು ಬರೀ ತಲೆದೂಗುತ್ತಾನೆ.

ಮೂರೂ ಮುಕ್ಕಾಲಿಗೆ ಮುಗಿಯುತ್ತದೆ. ಬೆಳಗಿನದ್ದೂ ಸೇರಿ ನಲವತ್ತೈದರಲ್ಲಿ ನಲವತ್ತೊಂದು ವಿಂಡೋಸಿನಲ್ಲೂ ಆಗುತ್ತವೆ. ನಿಜವಾಗಿ ಲಿನಕ್ಸಿನ ತೊಂದರೆ ನಾಲ್ಕೇ ನಾಲ್ಕು. ಏಳು ತಿಂಗಳು ನೂರರಲ್ಲಿ ಆ ಆರು ಮಂದಿ ಎಲ್ಲರ ಪರವಾಗಿ ಬರೆದಿದ್ದಾರೆ, ಎಲ್ಲರ ಪರವಾಗಿ ಬೈಸಿಕೊಂಡಿದ್ದಾರೆ.

"ನೀವು ಮೊದಲೇ ಹೇಳಬಹುದಿತ್ತು ಚೇಚ್ಚಿ," ಎನ್ನುತ್ತಾನೆ ಡೆನ್ನಿ.

"ಹೇಳಿದ್ದೆ."

ಅವನಿಗೆ ನೆನಪಿದೆ. ಮಹಡಿಗೆ ಹೋಗಿ ಗೋಡೆಯ ಹಾಳೆ ಹರಿದು ತರುತ್ತಾನೆ. ತಾನಾಗಿ ಹೋಗುವ ಆ ಉತ್ತರವನ್ನು ಶಿಬಿಲಿ ಅಲ್ಲೇ ನಿಂತು ತೆಗೆದುಹಾಕುತ್ತಾನೆ. ಒಂಬತ್ತು ಮಂದಿಗೆ ಹೋಗಬೇಕಾದ ಕಾಗದವನ್ನು ಡೆನ್ನಿ ಬರೆಯತೊಡಗಿ 'ತಾಂತ್ರಿಕ ಅಡಚಣೆಯೊಂದನ್ನು ನಿವಾರಿಸಲಾಗಿದೆ' ಎನ್ನುತ್ತಾನೆ. ಸಲೋಮಿ ಅವನ ಕೈ ಸರಿಸಿ ಅದನ್ನು ಅಳಿಸಿ ಬರೆಯುತ್ತಾರೆ: 'ನಿಮ್ಮ ಯಂತ್ರ ಸರಿಯಾಗೇ ಇದೆ. ತಪ್ಪು ನಮ್ಮದು.' ಡೆನ್ನಿ ಎರಡು ಸಲ ಓದಿ, ಕೆಳಗೆ ತನ್ನ ಹೆಸರು ಹಾಕುತ್ತಾನೆ.

ಲಿನಕ್ಸ್ ಆವೃತ್ತಿ ಮಂಗಳವಾರ ಉಳಿದವುಗಳ ಜೊತೆಗೇ ಹೊರಡಲಿದೆ. ಆದರೆ ಸದ್ಯಕ್ಕೆ ಓಣಂ ತನಕ ಮಾತ್ರ. ಮೂರು ಮಂದಿಯ ಸ್ಟುಡಿಯೋಗೆ ಇದು ನಿಜವಾಗಿಯೂ ಭಾರ, ಆಮೇಲೆ ಮತ್ತೆ ಕೂತು ನೋಡೋಣ ಎಂದು ಡೆನ್ನಿ ನೇರವಾಗಿಯೇ ಹೇಳುತ್ತಾನೆ. ಸಲೋಮಿ ಅವನ ಮಾತಿಗೆ ಬೇಸರಪಡುವುದಿಲ್ಲ. ಹಳೆಯ ಯಂತ್ರಕ್ಕೆ ಬಟ್ಟೆ ಹೊದಿಸಿ, ಕೈ ತೊಳೆದು, ಆರಿಹೋದ ಪುಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಓಣಂ ಆದ ಮೇಲೆ ಏನು ಎಂದು ಕೇಳಿದರೆ, ಕೇಳಿದವರೇ ಪೆದ್ದರು ಎಂಬಂತೆ ನೋಡುತ್ತಾರೆ.

"ಅಷ್ಟು ದಿನ ಆ ಆರು ಮಂದಿ ಸುಮ್ನೆ ಕೂರ್ತಾರೆ ಅಂದ್ಕೊಂಡ್ರಾ? ಅವರು ಬರೀತಾರೆ. ನಾನು ಓದ್ತೀನಿ."